ಹಾಫ್‌ಟ್ರ್ಯಾಕಾ, ಪುಟ್ಟ ಟ್ಯಾಂಕಾ? 1930ರ ದಶಕದ ಜರ್ಮನಿ ಯಾವುದಕ್ಕೆ ದುಡ್ಡು ಸುರಿಯಬೇಕಿತ್ತು?

ಅಂಟುಬ್ರಷ್ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ಕೇಲ್ ಮಾಡೆಲ್ ಜೋಡಿಸೋ ಹುಚ್ಚು ನನ್ನದು. ಈಗ ಮೇಜಿನ ಮೇಲೆ ಎರಡು ಕಿಟ್ ಇವೆ. ಒಂದು ಜರ್ಮನಿಯ ಪಾಂಜರ್ 1 ಟ್ಯಾಂಕ್ (ಜರ್ಮನ್‌ನಲ್ಲಿ ಟ್ಯಾಂಕಿಗೆ ಪಾಂಜರ್ ಅಂತಾರೆ), ಇನ್ನೊಂದು 251 ಹಾಫ್‌ಟ್ರ್ಯಾಕ್, ಅಂದರೆ ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಚೈನ್ (ಟ್ರ್ಯಾಕ್) ಇರೋ ಸೈನ್ಯದ ಗಾಡಿ. ಎರಡೂ 1939ರ ಪೋಲೆಂಡ್ ಯುದ್ಧದ್ದು. ಪಕ್ಕಪಕ್ಕ ಇಟ್ಟರೆ ನಗು ಬರುತ್ತೆ. ಟ್ಯಾಂಕ್ ಅನ್ನಿಸಿಕೊಂಡದ್ದು ಮರಿ, ಲಾರಿ ಜಾತಿಗೆ ಸೇರಿದ್ದು ಅದರಪ್ಪನ ಹಾಗಿದೆ.

ಪಾಂಜರ್ 1 ಅಂದರೆ 5.4 ಟನ್ ತೂಕ, ಇಬ್ಬರು ಸೈನಿಕರು, ಎರಡು ಮಷಿನ್ ಗನ್, 13 ಮಿ.ಮೀ. ದಪ್ಪದ ಉಕ್ಕು. ತೋಪೇ ಇಲ್ಲ! ಇಂಥದ್ದನ್ನು ಸುಮಾರು 1,500 ಮಾಡಿದರು. ಅದೇ ಹೊತ್ತಿಗೆ ರೈನ್‌ಮೆಟಾಲ್ ಕಂಪನಿಯವರು ಹಾಫ್‌ಟ್ರ್ಯಾಕ್ ಚಾಸಿ ಮೇಲೆ ತಿರುಗುವ ಗೋಪುರ ಕೂರಿಸಿದ್ದರು. ಒಂದಕ್ಕೆ 37 ಮಿ.ಮೀ. ತೋಪು, ಇನ್ನೊಂದಕ್ಕೆ 75 ಮಿ.ಮೀ. ತೋಪು. ಬೆರಳೆಣಿಕೆಯಷ್ಟು ಮಾಡಿ ಅಲ್ಲಿಗೇ ಕೈಬಿಟ್ಟರು.

ನನ್ನ ಪ್ರಶ್ನೆ ಇಷ್ಟೇ. ಆ ಮರಿ ಟ್ಯಾಂಕ್ ಬಿಟ್ಟು ಹಾಫ್‌ಟ್ರ್ಯಾಕ್ ಮೇಲೆ ತೋಪು ಇಟ್ಟುಕೊಂಡು ಹೋಗಿದ್ದರೆ ಜಾಸ್ತಿ ಲಾಭ ಆಗ್ತಿರಲಿಲ್ವಾ?

ಹಳೇನಕ್ಷೆ · 9:40

ಒಳ್ಳೇ ಪ್ರಶ್ನೆ. ಆದರೆ 1939ರಲ್ಲಿ ನಿಂತು 1932ಕ್ಕೆ ಬೈತಾ ಇದ್ದೀರಿ.

ಮೊದಲ ಮಹಾಯುದ್ಧ ಸೋತ ಮೇಲೆ ಆದ 1919ರ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿಗೆ ಟ್ಯಾಂಕೂ ಇಲ್ಲ, ಕವಚದ ಕಾರೂ ಇಲ್ಲ, ಸೈನ್ಯ ಒಂದು ಲಕ್ಷ ದಾಟುವಂತಿಲ್ಲ. ಹಾಗಾಗಿ ಎಲ್ಲ ಕದ್ದುಮುಚ್ಚಿ. ರಷ್ಯದ ಕಜಾನ್ ಹತ್ತಿರ 'ಕಾಮಾ' ಅನ್ನೋ ಗುಟ್ಟಿನ ಶಾಲೆ 1929ರಿಂದ 1933ರವರೆಗೆ ನಡೆಯಿತು. ಅಲ್ಲಿ ಓಡಿಸಿ ನೋಡಿದ ಟ್ಯಾಂಕುಗಳಿಗೆ 'ಗ್ರೋಸ್‌ಟ್ರಾಕ್ಟರ್', 'ಲೈಷ್ಟ್‌ಟ್ರಾಕ್ಟರ್' ಅಂತ ಹೆಸರು. ಅಂದರೆ ದೊಡ್ಡ ಟ್ರ್ಯಾಕ್ಟರ್, ಹಗುರ ಟ್ರ್ಯಾಕ್ಟರ್. ಮೊದಲನೆಯದು ಆರು, ಎರಡನೆಯದು ನಾಲ್ಕು. ಅಷ್ಟರಲ್ಲಿ ಏನು ಸೈನ್ಯ ಕಟ್ಟೋದು?

ಆಮೇಲೆ ಬ್ರಿಟಿಷರ ಕಾರ್ಡನ್-ಲಾಯ್ಡ್ ಚಾಸಿ ತರಿಸಿ, ಅದನ್ನು ನೋಡಿಕೊಂಡು ಕ್ರುಪ್ ಕಂಪನಿ ಮಾಡಿದ್ದೇ ಪಾಂಜರ್ 1. ಅದರ ಗುಟ್ಟಿನ ಹೆಸರು 'ಎಲ್‌ಎಎಸ್', ಬಿಡಿಸಿದರೆ 'ಕೃಷಿ ಟ್ರ್ಯಾಕ್ಟರ್'. ಉಳುಮೆಗೆ ಎರಡು ಮಷಿನ್ ಗನ್ ಯಾಕೆ ಅಂತ ಯಾರೂ ಕೇಳಬಾರದು!

ಗದ್ದೆಗೌಡ · 9:51

ನಮ್ಮ ಕಡೆ ಬದುವಿನ ಜಗಳಕ್ಕೆ ಬೇಕಾಗಿತ್ತು ಗುರು ಅಂಥ ಟ್ರ್ಯಾಕ್ಟರ್.

ಪಿಸ್ಟನ್‌ಪುರಾಣ · 10:05

@ಅಂಟುಬ್ರಷ್, ಪಾಂಜರ್ 1 ಯುದ್ಧಕ್ಕೆ ಅಂತ ಮಾಡಿದ್ದಲ್ಲ, ಕಲಿಯೋಕೆ ಮಾಡಿದ್ದು. ಓಡಿಸೋರು ಕಲಿಯಬೇಕು, ರಿಪೇರಿಯವರು ಕಲಿಯಬೇಕು, ಅದಕ್ಕಿಂತ ಮುಖ್ಯವಾಗಿ ಕಾರ್ಖಾನೆಗಳು ಕಲಿಯಬೇಕು. ಅದಕ್ಕೇ ಕೆಲಸವನ್ನು ಕ್ರುಪ್ ಒಬ್ಬರಿಗೇ ಬಿಡದೆ ಹೆನ್ಶೆಲ್, ಮಾನ್, ಡೈಮ್ಲರ್-ಬೆಂಜ್, ರೈನ್‌ಮೆಟಾಲ್‌ಗೂ ಹಂಚಿದರು. 1932ರಲ್ಲಿ ಯಾರೂ ಈ ಮರಿ ಟ್ಯಾಂಕ್ ಹತ್ತಿಕೊಂಡು ಯುದ್ಧಕ್ಕೆ ಹೋಗ್ತೀವಿ ಅಂದುಕೊಂಡಿರಲಿಲ್ಲ ಅಂತ ಜರ್ಮನ್ ಟ್ಯಾಂಕ್ ಪಡೆ ಕಟ್ಟಿದ ಜನರಲ್ ಗುಡೇರಿಯನ್ನೇ ಆಮೇಲೆ ಬರೆದುಕೊಂಡಿದ್ದಾನೆ.

ಎದುರುವಾದಿ · 10:14

ಗುಡೇರಿಯನ್ ಬರೆದದ್ದು ಸೋತ ಮೇಲೆ. ಸೋತ ಜನರಲ್‌ಗಳ ನೆನಪಿನಲ್ಲಿ ತಪ್ಪೆಲ್ಲ ಬೇರೆಯವರದ್ದು, ಒಳ್ಳೇ ಐಡಿಯಾ ಎಲ್ಲ ತಮ್ಮದು.

ಬರೀ ಕಲಿಯೋಕೆ ಆಗಿದ್ದರೆ 300 ಮಾಡಿ ನಿಲ್ಲಿಸಬಹುದಿತ್ತು. 1935ರ ಅಕ್ಟೋಬರ್‌ನಲ್ಲಿ ಮೂರು ಪಾಂಜರ್ ಡಿವಿಷನ್ ಕಟ್ಟಿದಾಗ ಅವುಗಳಲ್ಲಿ ಇದ್ದದ್ದು ಬಹುಪಾಲು ಇದೇ. 1936ರಲ್ಲಿ ಸ್ಪೇನ್‌ನ ಅಂತರ್ಯುದ್ಧಕ್ಕೆ ಕಳಿಸಿದ್ದೂ ಇದೇ. ಅಲ್ಲಿ ರಷ್ಯದ ಟಿ-26 ಟ್ಯಾಂಕ್ ಎದುರಾಯಿತು, 45 ಮಿ.ಮೀ. ತೋಪಿನದ್ದು. ಪಾಂಜರ್ 1ರ ಗುಂಡು ಅದಕ್ಕೆ ಆಲಿಕಲ್ಲು ಬಿದ್ದ ಹಾಗೆ. ಕೊನೆಗೆ ನಾಲ್ಕು ಪಾಂಜರ್ 1ಕ್ಕೆ ಇಟಲಿಯ 20 ಮಿ.ಮೀ. ಬ್ರೆಡಾ ಗನ್ ತುರುಕಿ ನೋಡಿದರು. 1939ರ ಸೆಪ್ಟೆಂಬರ್ 1ಕ್ಕೆ ಲೆಕ್ಕದಲ್ಲಿ ಪಾಂಜರ್ 1 ಎಷ್ಟು ಗೊತ್ತಾ? 1,445. ತೋಪು ಇರೋ ಪಾಂಜರ್ 3 ಎಷ್ಟು? 98. ಇದನ್ನು ಸ್ಕೂಲ್ ಬಸ್ ಅಂತೀರಾ?

ಪಿಸ್ಟನ್‌ಪುರಾಣ · 10:20

ಇರೋದು ಅದೇ ಆದಾಗ ಅದನ್ನೇ ತಗೊಂಡು ಹೋದರು. ಮಾಡಿದ್ದು ಯಾಕೆ ಅನ್ನೋದು ಬೇರೆ, ಬಳಸಿದ್ದು ಯಾಕೆ ಅನ್ನೋದು ಬೇರೆ.

ಎದುರುವಾದಿ · 10:22

ಜಾರಿಕೊಳ್ತಾ ಇದ್ದೀರಿ.

ಹನೋವರ್_ಹೈದ · 10:31

ಉಚ್ಚಾರಣೆ 'ಪಾಂಜರ್' ಅಲ್ಲ, 'ಪಾಂತ್ಸರ್'. ಇಲ್ಲಿ ಜರ್ಮನಿಯಲ್ಲಿ ಆರು ವರ್ಷದಿಂದ ಇದ್ದೀನಿ, ಕೇಳಿ ಕೇಳಿ ಕಿವಿಗೆ ಹತ್ತಿದೆ.

ಗದ್ದೆಗೌಡ · 10:33

ಆಯ್ತು ಪಾಂತ್ಸರ್ ಸಾಹೇಬ್ರೆ. ಅಲ್ಲಿದ್ದೀರಲ್ಲ, ಅದನ್ನು ಕಣ್ಣಾರೆ ನೋಡಿದ್ದೀರಾ?

ಹನೋವರ್_ಹೈದ · 10:58

ನೋಡಿದ್ದೀನಿ. ಮುನ್‌ಸ್ಟರ್ ಊರಿನ ಟ್ಯಾಂಕ್ ಮ್ಯೂಸಿಯಂನಲ್ಲಿ. ಹೋಗೋರು ಹುಷಾರು, ಯೂನಿವರ್ಸಿಟಿ ಇರೋ ಮ್ಯೂನ್‌ಸ್ಟರ್ ಬೇರೆ, ಇದು ಲ್ಯೂನೆಬುರ್ಗ್ ಬಯಲಿನ ಚಿಕ್ಕ ಊರು. ನನ್ನ ಭಾವಮೈದ ತಪ್ಪು ಊರಿಗೆ ಟಿಕೆಟ್ ತೆಗೆದು ಅರ್ಧ ದಿನ ಹಾಳು ಮಾಡಿದ.

ಪಾಂಜರ್ 1ರ ಎತ್ತರ 1.72 ಮೀಟರ್. ನಾನು ಅದಕ್ಕಿಂತ ಮೂರು ಸೆಂಟಿಮೀಟರ್ ಉದ್ದ. ಅಂದರೆ ಪಕ್ಕದಲ್ಲಿ ನಿಂತರೆ ಗೋಪುರದ ಮೇಲ್ಭಾಗ ನನ್ನ ನೆತ್ತಿಗೆ ಸಮ. ಗೋಪುರ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ಎಡಕ್ಕೆ ಡ್ರೈವರ್. ಮೇಲಿರೋ ಒಬ್ಬನೇ ಕಮಾಂಡರ್, ಅವನೇ ಗನ್ ಹೊಡೆಯಬೇಕು, ಅವನೇ ಗುಂಡು ತುಂಬಬೇಕು, ಅವನೇ ಹೊರಗೆ ನೋಡಬೇಕು, ಅವನೇ ಡ್ರೈವರ್‌ಗೆ ದಾರಿ ಹೇಳಬೇಕು. ಟಿಕೆಟ್ ಕೊಡ್ತಾ ಬಸ್ಸೂ ಓಡಿಸೋ ಕಂಡಕ್ಟರ್ ಇದ್ದ ಹಾಗೆ.

251 ನೋಡಿದಾಗ ಮಾತ್ರ ಚಕ್ರ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿದೆ. ಒಂದರ ಹಿಂದೆ ಒಂದು ಅವಿತುಕೊಂಡಿರುತ್ತವೆ, ತಟ್ಟೆ ಜೋಡಿಸಿದ ಹಾಗೆ. ಹಿಂದೆ ಎರಡು ಬಾಗಿಲು, ಒಳಗೆ ಉದ್ದಕ್ಕೂ ಬೆಂಚು, ಹತ್ತು ಜನ ಎದುರುಬದುರು ಕೂರಬಹುದು. ಮೇಲೆ ಆಕಾಶ.

ಮರದಟ್ಯಾಂಕ್ · 11:10

ಈ ಎರಡಕ್ಕಿಂತ ಮೊದಲು ಅವರ ಹತ್ತಿರ ಇದ್ದದ್ದು ರಟ್ಟು, ಬಟ್ಟೆ! 1920ರ ದಶಕದಲ್ಲಿ ಕಾರಿನ ಮೇಲೆ ಟ್ಯಾಂಕ್ ಆಕಾರದ ಡಬ್ಬ ಹೊದಿಸಿ ಕವಾಯತು ಮಾಡ್ತಿದ್ದರು. ಶಾಲೆಯ ಹುಡುಗರು ಬಂದು ಬಟ್ಟೆಗೆ ಪೆನ್ಸಿಲ್ ಚುಚ್ಚಿ ಒಳಗೆ ಇಣುಕ್ತಿದ್ದರಂತೆ. ಆಮೇಲೆ ತಗಡಿನದ್ದು ಬಂದಾಗ ಪೆನ್ಸಿಲ್ ಒಳಗೆ ಹೋಗದೆ ಹುಡುಗರಿಗೆ ನಿರಾಸೆ. ಇದೂ ಗುಡೇರಿಯನ್ ಹೇಳಿದ್ದೇ. @ಎದುರುವಾದಿ ಇದನ್ನಾದರೂ ನಂಬ್ತೀರಾ?

ಎದುರುವಾದಿ · 11:12

ಇದನ್ನು ನಂಬಬಹುದು. ಇದರಲ್ಲಿ ಅವನಿಗೆ ಹೆಸರು ಬರೋ ವಿಷಯ ಏನೂ ಇಲ್ಲ.

ಹಳೇನಕ್ಷೆ · ಸೋಮವಾರ ಬೆಳಗ್ಗೆ 7:25

ಮೂಲ ಪ್ರಶ್ನೆಗೆ ಬರೋಣ. ಹಾಫ್‌ಟ್ರ್ಯಾಕ್‌ನ ಕಥೆಯೇ ಬೇರೆ. ಅದು ಟ್ಯಾಂಕಿನ ಎದುರಾಳಿಯಾಗಿ ಹುಟ್ಟಿದ್ದಲ್ಲ, ಕುದುರೆಯ ಬದಲಿಗೆ ಹುಟ್ಟಿದ್ದು. ತೋಪು ಎಳೆಯಲು ಗಾಡಿ ಬೇಕು. ರಸ್ತೆಯಲ್ಲಿ ಲಾರಿಯಷ್ಟು ವೇಗ, ಕೆಸರಿನಲ್ಲಿ ಟ್ರ್ಯಾಕ್ಟರ್‌ನಷ್ಟು ಹಿಡಿತ ಎರಡೂ ಬೇಕು. ಅದಕ್ಕೆ 1, 3, 5, 8, 12, 18 ಟನ್ ಅಂತ ಆರು ದರ್ಜೆ ಮಾಡಿದರು. ಅದು ಗಾಡಿಯ ತೂಕ ಅಲ್ಲ, ಎಳೆಯೋ ಭಾರ. ಡೆಮಾಗ್ 1 ಟನ್‌ನದ್ದು, ಹನೋಮಾಗ್ 3 ಟನ್‌ನದ್ದು, ಕ್ರಾಸ್-ಮಾಫೈ 8 ಟನ್‌ನದ್ದು ಹೀಗೆ. 88 ಮಿ.ಮೀ. ತೋಪು ಎಳೆದುಕೊಂಡು ಹೋಗ್ತಿದ್ದದ್ದು ಆ 8 ಟನ್‌ನದ್ದೇ.

@ಅಂಟುಬ್ರಷ್ ನಿಮ್ಮ ಮೇಜಿನ 251 ಅಂದರೆ ಹನೋಮಾಗ್‌ನ 3 ಟನ್ ಗಾಡಿಗೆ ಉಕ್ಕಿನ ಅಂಗಿ ತೊಡಿಸಿದ್ದು. ಸೈನ್ಯಕ್ಕೆ ಬಂದದ್ದು 1939ರಲ್ಲಿ, ಅದೂ ಮೊದಲು 1ನೇ ಪಾಂಜರ್ ಡಿವಿಷನ್‌ಗೆ ಒಂದಿಷ್ಟು. ಹಾಗಾಗಿ 1934ರಲ್ಲಿ 'ಇದಾ, ಅದಾ' ಅಂತ ಆಯ್ಕೆ ಮಾಡೋ ಮೇಜೇ ಇರಲಿಲ್ಲ.

ಅಂಟುಬ್ರಷ್ · 7:48

ಆದರೆ ರೈನ್‌ಮೆಟಾಲ್ ಮಾದರಿಗಳು ಇದ್ದವಲ್ಲ ಸರ್? ಅವು ತೋಪು ಎಳೆಯೋ ಗಾಡಿ ಅಲ್ಲ. ಎಂಜಿನ್ ಹಿಂದೆ, ಗೋಪುರ ಮೇಲೆ. ಟ್ಯಾಂಕ್ ಕೆಲಸಕ್ಕೇ ಮಾಡಿದ್ದು.

ಹಳೇನಕ್ಷೆ · 8:02

ಅದು ನಿಜ. ಆದರೂ ಅದಕ್ಕೆ ಎದುರಿಗೆ ಎರಡು ಚಕ್ರ ಇತ್ತು ನೋಡಿ. ಅದೇ ಕುತ್ತು.

ಗದ್ದೆಗೌಡ · 8:30

ಇದಕ್ಕೆ ನಾನು ಹೇಳ್ತೀನಿ, ದಿನಾ ಮಾಡೋ ಕೆಲಸ.

ನಮ್ಮ ಊರಲ್ಲಿ ಭತ್ತ ಕೊಯ್ಯೋಕೆ ಟೈರ್ ಮಷಿನ್ನೂ ಬರುತ್ತೆ, ಚೈನ್ ಮಷಿನ್ನೂ ಬರುತ್ತೆ. ಗದ್ದೆ ಒಣಗಿದ್ದರೆ ಟೈರ್ ಸಾಕು. ಹಸಿ ಇದ್ದರೆ ಚೈನ್ ಬೇಕೇಬೇಕು, ಬಾಡಿಗೆ ಜಾಸ್ತಿ ಆದರೂ ಸರಿ. ಚೈನ್ ಮಷಿನ್ ಕೆಸರಲ್ಲಿ ಹೂತುಕೊಳ್ಳಲ್ಲ, ಆದರೆ ಊರಿಂದ ಊರಿಗೆ ತನ್ನ ಕಾಲಲ್ಲಿ ಬರಲ್ಲ. ಲಾರಿ ಮೇಲೆ ಹೇರಿಕೊಂಡೇ ಬರಬೇಕು. ಹಿಟಾಚಿದೂ ಅದೇ ಕಥೆ. ಡಾಂಬರ್ ರಸ್ತೆ ಮೇಲೆ ಹತ್ತು ಕಿಲೋಮೀಟರ್ ಓಡಿಸಿದರೆ ಮಾಲೀಕ ಹೊಡೆಯೋಕೆ ಬರ್ತಾನೆ, ಚೈನ್ ಸವೆಯುತ್ತೆ ಅಂತ.

ಈ ಹಾಫ್‌ಟ್ರ್ಯಾಕ್ ಅನ್ನೋದು ಎರಡೂ ಆಗ್ತೀನಿ ಅಂತ ಹೊರಟದ್ದು. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಇಲ್ಲ ಅಂದರೆ ಹಳ್ಳ ಬಂದಾಗ ಅದು ಬರೀ ಹೊರೆ. ಹಿಂದಿನ ಚೈನ್ ತಳ್ಳುತ್ತೆ, ಮುಂದಿನ ಚಕ್ರ ಮಣ್ಣಿಗೆ ಮೂಗು ಹೂತು ನಿಲ್ಲುತ್ತೆ. ಹೋದ ಕೊಯ್ಲಲ್ಲಿ ನಮ್ಮ ಗದ್ದೇಲೇ ಒಬ್ಬ ಡ್ರೈವರ್ ಟ್ರ್ಯಾಕ್ಟರ್‌ದು ಹೀಗೇ ಮಾಡಿ, ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ತಂದು, ಅದೂ ಹೂತು, ಸಂಜೆವರೆಗೂ ಜಾತ್ರೆ.

ಅಂದಹಾಗೆ ಇವು ತಿರುಗೋದು ಹೇಗೆ? ಅಷ್ಟು ಉದ್ದದ ಚೈನ್ ಇಟ್ಟುಕೊಂಡು ಬರೀ ಮುಂದಿನ ಚಕ್ರ ತಿರುಗಿಸಿದರೆ ಗಾಡಿ ನೆಟ್ಟಗೆ ಹೋಗುತ್ತೆ ಅಷ್ಟೇ.

ಪಿಸ್ಟನ್‌ಪುರಾಣ · 9:05

ಗೌಡ್ರೇ, ನೀವು ಗದ್ದೆ ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗಿಸೋದು ಹೇಗೆ?

ಗದ್ದೆಗೌಡ · 9:07

ಸ್ಟೇರಿಂಗ್ ಪೂರ್ತಿ ಎಳೆದು ಒಳಗಡೆ ಚಕ್ರದ ಬ್ರೇಕ್ ಮಾತ್ರ ತುಳಿಯೋದು. ಎರಡು ಬ್ರೇಕ್ ಪೆಡಲ್ ಬೇರೆಬೇರೆ ಇರೋದೇ ಅದಕ್ಕೆ.

ಪಿಸ್ಟನ್‌ಪುರಾಣ · 9:20

ಅಷ್ಟೇ! ಜರ್ಮನ್ ಹಾಫ್‌ಟ್ರ್ಯಾಕ್ ಅದನ್ನೇ ತಾನಾಗಿ ಮಾಡುತ್ತೆ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಮುಂದಿನ ಚಕ್ರ ಮಾತ್ರ. ಇನ್ನೂ ಜಾಸ್ತಿ ತಿರುಗಿಸಿದರೆ ಒಳಬದಿಯ ಟ್ರ್ಯಾಕಿಗೆ ಬ್ರೇಕ್ ಬೀಳುತ್ತೆ, ಗಾಡಿ ಗಿರ್ರನೆ ತಿರುಗುತ್ತೆ. ಡ್ರೈವರ್‌ಗೆ ಬೇರೆ ಪೆಡಲ್ ಇಲ್ಲ.

ಇದರ ಹಿಂದೆ ಇದ್ದವನು ಸೈನ್ಯದ ಶಸ್ತ್ರಾಸ್ತ್ರ ಇಲಾಖೆಯ ಎಂಜಿನಿಯರ್ ಹೈನ್ರಿಷ್ ಕ್ನೀಪ್‌ಕಾಂಪ್. ಹನೋವರ್ ಹೈದ ಎಣಿಸಲಾಗದೆ ಬಿಟ್ಟ ಆ ತಟ್ಟೆ ಚಕ್ರಗಳನ್ನು ಹಾಫ್‌ಟ್ರ್ಯಾಕಿಗೆ ತಂದದ್ದೂ ಅವನೇ. ಟ್ರ್ಯಾಕಿನ ಪ್ರತಿ ಕೊಂಡಿಯಲ್ಲೂ ಸೂಜಿ ಬೇರಿಂಗ್, ಎಣ್ಣೆ, ಮೇಲೆ ರಬ್ಬರ್ ಪ್ಯಾಡ್. ಅದಕ್ಕೇ ರಸ್ತೆ ಮೇಲೆ ಗಂಟೆಗೆ 50 ಕಿಲೋಮೀಟರ್ ಸರಾಗ ಓಡ್ತಿತ್ತು.

ಗ್ರೀಸ್‌ಡಬ್ಬಿ · 9:34

ಪ್ರತಿ ಕೊಂಡಿಗೂ ಎಣ್ಣೆ ಅಂತೆ! ಆ ಕೆಲಸ ಮಾಡೋ ಹುಡುಗನ ಕೈ ನೋಡಬೇಕು. ಒಳಗಿನ ಸಾಲಿನ ಒಂದು ಚಕ್ರದ ರಬ್ಬರ್ ಕಿತ್ತುಹೋದರೆ ಹೊರಗಿನ ಸಾಲು ಬಿಚ್ಚಿ, ಆಮೇಲೆ ಅದನ್ನು ಬಿಚ್ಚಬೇಕು. ರಷ್ಯದ ಚಳಿಗಾಲದಲ್ಲಿ ರಾತ್ರಿ ನಿಲ್ಲಿಸಿದರೆ ಚಕ್ರಗಳ ಸಂದಿಯ ಕೆಸರು ಕಲ್ಲಾಗಿ ಬೆಳಗ್ಗೆ ಗಾಡಿ ಮಿಸುಕಲ್ಲ.

ಅಮೆರಿಕದವರ ಎಂ3 ಹಾಫ್‌ಟ್ರ್ಯಾಕ್ ನೋಡಿ. ರಬ್ಬರ್ ಬೆಲ್ಟ್, ಲಾರಿಯ ಮುಂಭಾಗ, ಮುಂದಿನ ಚಕ್ರಕ್ಕೂ ಎಂಜಿನ್ ಬಲ. ಯಾವ ಲಾರಿ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡಬಹುದು. ಹತ್ತಾರು ಸಾವಿರ ಮಾಡಿ ಬಿಸಾಕಿದರು. ಜರ್ಮನ್ನರದ್ದು ಬ್ಯೂಟಿಫುಲ್, ಒಪ್ತೀನಿ. ಆದರೆ ಅದು ಗಡಿಯಾರ, ಗಾಡಿ ಅಲ್ಲ.

ಎದುರುವಾದಿ · 9:41

ಸರಿಯಾಗಿ ಹೇಳಿದ್ರಿ. ಈ ಜರ್ಮನ್ ಎಂಜಿನಿಯರಿಂಗ್ ಭಜನೆ ಸಾಕು. ಇಷ್ಟೆಲ್ಲ ಮಾಡಿಯೂ 1939ರಲ್ಲಿ ಅವರ ಒಂದೊಂದು ಕಾಲಾಳು ಡಿವಿಷನ್‌ನಲ್ಲೂ ನಾಲ್ಕೈದು ಸಾವಿರ ಕುದುರೆ ಇದ್ದವು. ಹುಲ್ಲು ತಿನ್ನೋ ಸೈನ್ಯ.

ಹನೋವರ್_ಹೈದ · 9:50

ಕಂಡುಹಿಡಿದದ್ದೂ ಜರ್ಮನ್ನರಲ್ಲ ಬಿಡಿ. ಅಡಾಲ್ಫ್ ಕೆಗ್ರೆಸ್ ಅನ್ನೋ ಫ್ರೆಂಚ್ ಎಂಜಿನಿಯರ್, ರಷ್ಯದ ಜಾರ್ ದೊರೆಯ ಗ್ಯಾರೇಜಿನಲ್ಲಿದ್ದವನು, ಹಿಮದಲ್ಲಿ ಕಾರು ಓಡಿಸಲು ಹಿಂದಿನ ಚಕ್ರದ ಜಾಗದಲ್ಲಿ ಬೆಲ್ಟ್ ಹಾಕಿದ. ಕ್ರಾಂತಿ ಆದ ಮೇಲೆ ಫ್ರಾನ್ಸಿಗೆ ಹೋಗಿ ಸಿಟ್ರೊಯೆನ್ ಜೊತೆ ಸೇರಿದ. 1922-23ರಲ್ಲಿ ಆ ಕಾರುಗಳು ಸಹಾರಾ ದಾಟಿದವು.

ಮರದಟ್ಯಾಂಕ್ · 10:02

1931ರಲ್ಲಿ ಅವೇ ಸಿಟ್ರೊಯೆನ್‌ನವರು ಬೈರೂತ್‌ನಿಂದ ಪೀಕಿಂಗ್‌ಗೆ ಹೊರಟಾಗ ನಮ್ಮ ಶ್ರೀನಗರಕ್ಕೂ ಬಂದಿದ್ದರು! ಅಲ್ಲಿಂದ ಗಿಲ್ಗಿಟ್‌ಗೆ ಎರಡು ಹಾಫ್‌ಟ್ರ್ಯಾಕ್ ಮುಟ್ಟಿಸಿದರು. ದಾರಿಯೇ ಇಲ್ಲದ ಕಡೆ ಗಾಡಿ ಬಿಚ್ಚಿ ಆಳುಗಳ ಹೆಗಲ ಮೇಲೆ ಹೊರಿಸಿದರು. ಗಾಡಿ ಮನುಷ್ಯರನ್ನು ಹೊತ್ತದ್ದೋ ಮನುಷ್ಯರು ಗಾಡಿಯನ್ನು ಹೊತ್ತದ್ದೋ ದೇವರೇ ಬಲ್ಲ.

ಕೊಡವ_ಕೋವಿ · 10:20

ಕಾಶ್ಮೀರದ ಮಾತು ಬಂತು ಅಂದಮೇಲೆ ಸುಮ್ನೆ ಇರೋಕಾಗಲ್ಲ. ಲೈಟ್ ಟ್ಯಾಂಕ್ ಅಂದರೆ ಎಲ್ಲರೂ ಮೂಗು ಮುರೀತಾ ಇದ್ದೀರಿ. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಯಲ್ಲಿ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಹತ್ತಿದ್ದು 11,000 ಅಡಿಗಿಂತ ಎತ್ತರಕ್ಕೆ. ಡಿವಿಷನ್ ನಡೆಸಿದವರು ನಮ್ಮ ಮಡಿಕೇರಿಯ ತಿಮ್ಮಯ್ಯನವರು. ಗುಟ್ಟು ಬಯಲಾಗದಿರಲಿ ಅಂತ ಗೋಪುರ ಬಿಚ್ಚಿ ಶ್ರೀನಗರಕ್ಕೆ ತಂದಿದ್ದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಸೈನ್ಯದ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದವರು. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ.

ಎದುರಿಗೆ ಏನೂ ಇಲ್ಲದ ಕಡೆ ಪುಟ್ಟ ಟ್ಯಾಂಕೇ ರಾಜ.

ಹಳೇನಕ್ಷೆ · 10:41

ಕೈ ಮುಗಿದೆ ಆ ಕೆಲಸಕ್ಕೆ. ಆದರೆ ಒಂದು ತಿದ್ದುಪಡಿ. ಸ್ಟುವರ್ಟ್ ಹೆಸರಿಗೆ ಲೈಟ್ ಅಷ್ಟೇ. ಸುಮಾರು 15 ಟನ್, 37 ಮಿ.ಮೀ. ತೋಪು. ಜರ್ಮನ್ನರ ಪಾಂಜರ್ 3ರ ಮೊದಲ ಮಾದರಿಯೂ ಹೆಚ್ಚುಕಮ್ಮಿ ಅಷ್ಟೇ ತೂಕ. ಪಾಂಜರ್ 1 ಅದರ ಮೂರನೇ ಒಂದು ಪಾಲು. 'ಲೈಟ್' ಅನ್ನೋ ಒಂದೇ ಚೀಲಕ್ಕೆ ಎರಡನ್ನೂ ತುಂಬಬೇಡಿ.

ಕೊಡವ_ಕೋವಿ · 10:44

ಒಪ್ಪಿದೆ. ಆದರೂ ಹೇಳದೆ ಇರೋಕಾಗ್ತಿರಲಿಲ್ಲ.

ಪಿಸ್ಟನ್‌ಪುರಾಣ · ಮಧ್ಯಾಹ್ನ 1:15

ಊಟ ಮುಗಿಸಿ ಬಂದೆ. ಈಗ ನನ್ನ ವಾದ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಹಾಫ್‌ಟ್ರ್ಯಾಕೂ ಟ್ಯಾಂಕೂ ರಣರಂಗದಲ್ಲಿ ಎದುರಾಳಿಗಳಲ್ಲ. ಅವು ಜಗಳ ಆಡಿದ್ದು ಒಂದು ಕಾರ್ಖಾನೆಯ ಬಾಗಿಲಲ್ಲಿ. ಬೋಡೆನ್ ಸರೋವರದ ದಡದಲ್ಲಿ ಫ್ರೀಡ್ರಿಷ್ಸ್‌ಹಾಫೆನ್ ಅಂತ ಊರು. ಅಲ್ಲಿ ಮೈಬಾಖ್ ಎಂಜಿನ್ ಕಂಪನಿ, ಮೊದಲು ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡ್ತಿದ್ದವರು.

ಪಾಂಜರ್ 1ರ ಬಿ ಮಾದರಿಗೆ ಮೈಬಾಖ್ ಎನ್‌ಎಲ್ 38 ಎಂಜಿನ್. ಮೊದಲ 1 ಟನ್, 3 ಟನ್ ಹಾಫ್‌ಟ್ರ್ಯಾಕಿಗೂ ಎನ್‌ಎಲ್ 38 ಜಾತಿಯದ್ದೇ. ಪಾಂಜರ್ 2ಕ್ಕೆ 140 ಅಶ್ವಶಕ್ತಿಯ ಎಚ್‌ಎಲ್ 62. 88 ತೋಪು ಎಳೆಯೋ 8 ಟನ್ ಗಾಡಿಗೂ ಎಚ್‌ಎಲ್ 62. ಪಾಂಜರ್ 3 ಮತ್ತು 4ರ ಮೊದಲ ಮಾದರಿಗೆ ಎಚ್‌ಎಲ್ 108. ಕೆಟ್ಟು ನಿಂತ ಟ್ಯಾಂಕ್ ಎಳೆಯೋ ಫಾಮೋ ಕಂಪನಿಯ 18 ಟನ್ ಹಾಫ್‌ಟ್ರ್ಯಾಕಿಗೂ ಎಚ್‌ಎಲ್ 108!

ಅಂದರೆ ಆ 88ನ್ನು ಎಳೆಯೋಕೆ ಒಂದು ಗಾಡಿ ಬೇಕು ಅಂದರೆ ಒಂದು ಪಾಂಜರ್ 2ರ ಎಂಜಿನ್ ಅಲ್ಲಿಗೆ ಹೋಗುತ್ತೆ. ಒಂದೇ ಬಾವಿ, ಎರಡು ಕೊಡ. ಹಾಗಾಗಿ ಅಂಟುಬ್ರಷ್ ಹೇಳಿದ ಹಾಗೆ ಟ್ಯಾಂಕ್ ಬಿಟ್ಟು ಹಾಫ್‌ಟ್ರ್ಯಾಕ್ ಹಿಡಿದಿದ್ದರೆ ಉಳಿತಾಯ ಸೊನ್ನೆ. ಅದೇ ಎಂಜಿನ್, ಟ್ರ್ಯಾಕೂ ಇದೆ, ಅದರ ಮೇಲೆ ಮುಂದಿನ ಚಕ್ರ, ಸ್ಟೇರಿಂಗ್ ಖರ್ಚು ಬೇರೆ. ಗೋಪುರ, ತೋಪು, ಕವಚ ಹೇಗಿದ್ದರೂ ಬೇಕು ಅಂದಮೇಲೆ ಪೂರ್ತಿ ಟ್ರ್ಯಾಕನ್ನೇ ಹಾಕಬಾರದಾ? ರೈನ್‌ಮೆಟಾಲ್ ಮಾದರಿ ನಿಂತುಹೋಗೋಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ ಅನ್ನೋದು ನನ್ನ ಲೆಕ್ಕ.

ಎದುರುವಾದಿ · 1:32

ಇದು ಒಳ್ಳೇ ವಾದ. ಒಪ್ಪೋಕೆ ಮನಸ್ಸಿಲ್ಲ, ಆದರೆ ತಪ್ಪು ಸಿಗ್ತಾ ಇಲ್ಲ.

ಒಂದು ಮಾತು ಮಾತ್ರ. ಟ್ಯಾಂಕಿನ ಹಿಂದೆ ಕಾಲಾಳುಗಳು ಬರದೆ ಹೋದರೆ ಏನಾಗುತ್ತೆ ಅಂತ ವಾರ್ಸಾದಲ್ಲಿ ಗೊತ್ತಾಯ್ತು. 1939ರ ಸೆಪ್ಟೆಂಬರ್ 8, 9ರಂದು 4ನೇ ಪಾಂಜರ್ ಡಿವಿಷನ್ ಓಖೋಟಾ ಬಡಾವಣೆಗೆ ನುಗ್ಗಿ ಟ್ಯಾಂಕುಗಳನ್ನು ಕಳೆದುಕೊಂಡಿತು. ಬೀದಿಯಲ್ಲಿ ಅಡ್ಡಗಟ್ಟೆ, ಕಿಟಕಿಯಲ್ಲಿ ಗನ್. ಪಾಂಜರ್ 1ರ 13 ಮಿ.ಮೀ. ಉಕ್ಕನ್ನು ಪೋಲೆಂಡಿನವರ ಕೈಕೋವಿಯಂಥ ಟ್ಯಾಂಕ್ ನಿರೋಧಕ ರೈಫಲ್ಲೇ ತೂತು ಮಾಡ್ತಿತ್ತು. ಹಾಗಾಗಿ ಟ್ಯಾಂಕ್ ಸಂಖ್ಯೆ ಕಡಿಮೆ ಮಾಡಿಯಾದರೂ ಜನ ಹೊರೋ ಹಾಫ್‌ಟ್ರ್ಯಾಕ್ ಮೊದಲೇ ಮಾಡಬೇಕಿತ್ತು ಅನ್ನೋದು ನನ್ನ ಹಟ. ಯುದ್ಧದ ನಡುವೆಯೂ ಒಂದು ಪಾಂಜರ್ ಡಿವಿಷನ್ ಅಂದರೆ ನಾಲ್ಕು ಕಾಲಾಳು ಬೆಟಾಲಿಯನ್‌ನಲ್ಲಿ ಒಂದಕ್ಕೆ ಮಾತ್ರ ಕವಚದ ಗಾಡಿ ಸಿಗ್ತಿತ್ತು. ಉಳಿದವರು ಲಾರಿಯಲ್ಲಿ.

ಗ್ರೀಸ್‌ಡಬ್ಬಿ · 1:45

251ರ ಪಕ್ಕದ ಉಕ್ಕು 8 ಮಿ.ಮೀ. ಮೇಲೆ ಮುಚ್ಚಳ ಇಲ್ಲ. ಓಖೋಟಾ ಬೀದಿಯಲ್ಲಿ ಎರಡನೇ ಮಹಡಿಯಿಂದ ಒಂದು ಗ್ರೆನೇಡ್ ಬಿಟ್ಟರೆ ಹತ್ತು ಜನ ಒಟ್ಟಿಗೆ.

ಎದುರುವಾದಿ · 1:47

ಬೀದಿಗೆ ಗಾಡಿ ನುಗ್ಗಿಸಿ ಅಂತ ಯಾರು ಹೇಳಿದ್ರು? ತುದಿಯಲ್ಲಿ ಇಳಿದು ನಡೀಬೇಕು.

ಗದ್ದೆಗೌಡ · 1:50

ಇಬ್ಬರೂ ಸ್ವಲ್ಪ ಮಜ್ಜಿಗೆ ಕುಡೀರಿ.

ಹಳೇನಕ್ಷೆ · 2:30

ಪಿಸ್ಟನ್ ಹೇಳಿದ್ದಕ್ಕೆ ಒಂದು ಬಾಲ. ಹಾಫ್‌ಟ್ರ್ಯಾಕ್ ಟ್ಯಾಂಕಿಗೆ ಸೋತಿತು ಅಂತ ಹೇಳೋಕೂ ಆಗಲ್ಲ. ಅದರ ಕಾಲನ್ನು ಟ್ಯಾಂಕೇ ಕಿತ್ತುಕೊಂಡಿತು. ಪಾಂಜರ್ 2ರ ಡಿ ಮಾದರಿಗೆ ಹಾಫ್‌ಟ್ರ್ಯಾಕಿನ ರೀತಿಯ ಎಣ್ಣೆ ಹಾಕಿದ ರಬ್ಬರ್ ಪ್ಯಾಡ್ ಟ್ರ್ಯಾಕ್ ಹಾಕಿ ಗಂಟೆಗೆ 55 ಕಿಲೋಮೀಟರ್ ಓಡಿಸಿದರು. ಮುಂದೆ ಟೈಗರ್, ಪ್ಯಾಂಥರ್ ಅನ್ನೋ ದೊಡ್ಡ ಟ್ಯಾಂಕುಗಳಿಗೆ ಬಂದ ಆ ಒಂದರೊಳಗೊಂದು ಚಕ್ರ ಕ್ನೀಪ್‌ಕಾಂಪ್‌ನ ಹಾಫ್‌ಟ್ರ್ಯಾಕ್‌ನಿಂದಲೇ ಬಂದದ್ದು. ಕೆಸರು ಹೆಪ್ಪುಗಟ್ಟೋ ಕಾಯಿಲೆಯೂ ಜೊತೆಗೇ ಬಂತು.

ಅಂಟುಬ್ರಷ್ · ರಾತ್ರಿ 8:10

ಎಲ್ಲರಿಗೂ ಥ್ಯಾಂಕ್ಸ್. ಎಂಜಿನ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಪ್ಲ್ಯಾನ್ ಬದಲಾಯಿಸಿದೆ. ಪಾಂಜರ್ 1ರ ಬಿ ಮಾದರಿ ಮಾಡಿ, ಎರಡರದ್ದೂ ಎಂಜಿನ್ ಮುಚ್ಚಳ ತೆರೆದು ಪಕ್ಕಪಕ್ಕ ಇಡ್ತೀನಿ. ಕಿಟ್ ಕಳಿಸಿದ ಅಂಗಡಿಯವರು 251ರ ಒಳಸಾಲಿನ ಎರಡು ಚಕ್ರ ಹಾಕೋದು ಮರೆತಿದ್ದಾರೆ. ಪುಣ್ಯಕ್ಕೆ ಹೊರಗಿನ ಸಾಲು ಮುಚ್ಚಿಬಿಡುತ್ತೆ, ಯಾರಿಗೂ ಕಾಣಲ್ಲ.

ಹನೋವರ್_ಹೈದ · 8:22

ನನ್ನಂಥವನು ಬಂದು ಎಣಿಸಿದರೂ ಗೊತ್ತಾಗಲ್ಲ ಬಿಡಿ. ಬಣ್ಣ ಯಾವುದು?

ಅಂಟುಬ್ರಷ್ · 8:24

ಕಡು ಬೂದು. ಎಲ್ಲ ಫೋಟೋದಲ್ಲೂ ಹಾಗೇ ಇದೆಯಲ್ಲ.

ಹಳೇನಕ್ಷೆ · 8:31

ಕಪ್ಪುಬಿಳುಪು ಫೋಟೋ ನಂಬಬೇಡಿ. 1937ರಿಂದ 1940ರ ನಡುವಿನವರೆಗೆ ಮೂರನೇ ಎರಡು ಪಾಲು ಕಡು ಬೂದು, ಉಳಿದದ್ದು ಕಡು ಕಂದು ಪಟ್ಟೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಪೋಲೆಂಡ್ ಯುದ್ಧದ್ದು ಅಂದರೆ ಕಂದು ಬೇಕೇಬೇಕು.

ಅಂಟುಬ್ರಷ್ · 8:33

ಅಯ್ಯೋ. ನಿನ್ನೆ ರಾತ್ರಿಯೇ ಎರಡಕ್ಕೂ ಪೂರ್ತಿ ಬೂದು ಹೊಡೆದು ಒಣಗೋಕೆ ಇಟ್ಟಿದ್ದೀನಿ ಸರ್.

ಗದ್ದೆಗೌಡ · 8:35

ನಮ್ಮ ಗದ್ದೇಲಿ ಒಂದು ಸುತ್ತು ಓಡಿಸು, ಕಂದು ತಾನಾಗೇ ಬರುತ್ತೆ.